ಗದ್ದೆ ಮೂಲೆಯ ಮಿಕ್ಕ ಸಸಿ

ಇಲಾಖೆ ನನ್ನ ಕೈಗೆ ಕೊಟ್ಟ ಮೊದಲ ಸಾಮಾನು ಒಂದು ಹಗ್ಗ. ಅದರ ಉದ್ದಕ್ಕೂ ಗೇಣು ಗೇಣಿಗೆ ಕೆಂಪು ಬಟ್ಟೆಯ ಚೂರು ಕಟ್ಟಿತ್ತು. ಗದ್ದೆಯ ಈ ಬದುವಿನಿಂದ ಆ ಬದುವಿಗೆ ಅದನ್ನು ಬಿಗಿಯಾಗಿ ಹಿಡಿಯಬೇಕು. ನಾಟಿಯ ಹೆಂಗಸರು ಪ್ರತಿ ಚೂರಿನ ಕೆಳಗೆ ಸಸಿ ಊರಬೇಕು. ಸಾಲು ನಾಟಿ, ಎತ್ತರದ ಮಡಿಯಲ್ಲಿ ಸಸಿ, ಸೀಮೆಗೊಬ್ಬರ, ಬೀಜ ಮಾತ್ರ ಹಿಂದಿನದರ ಕಾಲು ಭಾಗ. ಇದಕ್ಕೆ ಜಪಾನಿ ಪದ್ಧತಿ ಎಂದು ಹೆಸರು. ಅದನ್ನು ಊರೂರಿಗೆ ಹೋಗಿ ಮಾಡಿ ತೋರಿಸುವ ಕೃಷಿ ಮೇಸ್ತ್ರಿ ನಾನು. ಓದಿದ್ದು ನಾಲ್ಕನೇ ಕ್ಲಾಸು. ಕೊಡಗು ಆಗ ಬೇರೆಯೇ ಒಂದು ರಾಜ್ಯ. ಮಂತ್ರಿಗಳು ಮಡಿಕೇರಿಯಲ್ಲೇ ಇರುತ್ತಿದ್ದರು.

ಆಮೇಲೆ ಮೈಸೂರಿಗೆ ಸೇರಿದೆವು, ನನಗೂ ದೊಡ್ಡ ಹೆಸರಿನ ಹುದ್ದೆಗಳು ಬಂದವು. ಅವುಗಳ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ. ಈಗ ಇಲಾಖೆಗೆ ಸೇರುವ ಹುಡುಗ ಹುಡುಗಿಯರ ಕೈಯಲ್ಲಿ ಡಿಗ್ರಿ ಇದೆ, ಓಡಾಡಲು ಬೈಕ್ ಇದೆ. ಅವರು ಬಂದು, "ಸಾರ್, ಈ ರೈತರು ಏನು ಹೇಳಿದರೂ ಕೇಳಲ್ಲ, ಎಲ್ಲದಕ್ಕೂ ಮಳೆ ಸರಿಯಿಲ್ಲ ಅಂತಾರೆ" ಎಂದು ದೂರುವಾಗ ನನಗೆ ಮೈ ಉರಿಯುತ್ತದೆ. ಅವರ ಮೇಲಲ್ಲ. ಆ ಮಾತನ್ನು ಅವರಿಗಿಂತ ಮೊದಲು ಆಡಿದವನು ನಾನು.

ಹಗ್ಗದಿಂದಲೇ ಶುರುವಾಯಿತು ನನ್ನ ಪೆದ್ದುತನ. ಮೊದಲ ನಾಟಿ ತೋರಿಸಲು ಹೋದದ್ದು ಮಡಿಕೇರಿಯಿಂದ ಪಶ್ಚಿಮಕ್ಕೆ, ಅರೆಭಾಷೆ ಆಡುವ ಗೌಡರ ಊರಿಗೆ. ಅಲ್ಲಿಯ ಗದ್ದೆಗಳು ಗುಡ್ಡದ ಸೊಂಟ ಬಳಸಿಕೊಂಡು ಇಳಿಯುತ್ತವೆ. ಒಂದೂ ನೆಟ್ಟಗಿಲ್ಲ. ನಾನು ಹಗ್ಗ ಎಳೆದೆ. ನಡುವೆ ಚೆಂದದ ಸಾಲು ಬಂತು, ಎರಡೂ ಬದಿಯಲ್ಲಿ ಬಾಳೆಹಣ್ಣಿನ ಆಕಾರದ ಬರಿ ಕೆಸರು ಉಳಿಯಿತು. ಹೆಂಗಸರು ಮಳೆಗೆ ಹೊದ್ದ ಗೊರಬಿನ ಮರೆಯಲ್ಲಿ ಕಿಸಕ್ಕೆಂದರು. ಒಬ್ಬಳು, "ಮೇಸ್ತ್ರಿಯೋರೆ, ಉಳಿದ ಜಾಗದಲ್ಲಿ ಹಗ್ಗಾನೇ ನೆಡೋದಾ?" ಎಂದಳು. ಮನೆಯ ಯಜಮಾನ ಮಾತ್ರ ನಗಲಿಲ್ಲ. ಆಕಾಶ ನೋಡಿ, "ಹಗ್ಗ ಬಿಡಿ. ಈಗ ಮಳೆಗೆ ಹೊತ್ತೇ ಇಲ್ಲೆ ಮಾರಾಯ್ರೆ" ಎಂದ.

ಈ ಮಾತನ್ನು ನಾನು ಎಲ್ಲ ಕಡೆ ಕೇಳಿದೆ. ನಾಟಿಯ ತಿಂಗಳಲ್ಲಿ ಹೊದ್ದ ಕಂಬಳಿ ಒಣಗಿದ್ದೇ ಕಂಡಿರಲಿಲ್ಲ, ಈಗ ನಡುವೆ ಒಣಗಿ ಗರಿಗರಿ ಆಗುತ್ತದೆ ಎಂದು ಒಬ್ಬ. ರಕ್ತ ಹೀರುವ ಇಂಬಳಗಳು ತಡವಾಗಿ ಏಳುತ್ತವೆ ಎಂದು ಇನ್ನೊಬ್ಬ. ಜಡಿ ಹಿಡಿಯುವ ಮಳೆ ಹೋಯಿತು, ಒಮ್ಮೆಲೇ ಸುರಿದು ಬಿಟ್ಟುಹೋಗುವ ಮಳೆ ಬಂತು ಎಂದು ಹಲವರು. ಯುದ್ಧದ ಕಾಲದಲ್ಲಿ ಮೇಲಿನ ಕಾಡು ಕಡಿದದ್ದಕ್ಕೇ ಹೀಗೆ ಎಂದು ಕೆಲವರು, ದೇವರ ಕಟ್ಟು ತಪ್ಪಿದ್ದಕ್ಕೆ ಎಂದು ಕೆಲವರು. ಯಾರ ಮಾತು ಸರಿ ಎಂದು ಇವತ್ತೂ ನನಗೆ ಗೊತ್ತಿಲ್ಲ. ಆದರೆ ಬೇರೆ ಬೇರೆ ಭಾಷೆಯ, ಒಬ್ಬರನ್ನೊಬ್ಬರು ಕಾಣದ ಜನ ಒಂದೇ ಮಾತು ಹೇಳುತ್ತಿದ್ದಾಗ ನಮ್ಮಲ್ಲಿ ಒಬ್ಬನಾದರೂ ಕಿವಿ ಕೊಡಬೇಕಿತ್ತು. ನಾವು ಆ ಮಾತಿಗೆ ಎರಡೇ ಹೆಸರು ಇಟ್ಟುಕೊಂಡಿದ್ದೆವು. ಗಂಡಸು ಹೇಳಿದರೆ ಸೋಮಾರಿತನ, ಹೆಂಗಸು ಹೇಳಿದರೆ ಮೂಢನಂಬಿಕೆ.

ನನ್ನ ಮೇಲಿನ ಸಾಹೇಬರು ಬಯಲುಸೀಮೆಯಿಂದ ಬಂದವರು. ಕೆಟ್ಟವರಲ್ಲ. ರೈತನ ಮನೆಯಲ್ಲಿ ಒಂದು ಲೋಟ ಮಜ್ಜಿಗೆಗೂ ಕೈ ಚಾಚದ ಮನುಷ್ಯ. ಒಮ್ಮೆ ಕಳೆ ತೆಗೆಯುವ ಹೊಸ ಯಂತ್ರವನ್ನು ತಾವೇ ತಳ್ಳಿ ತೋರಿಸಲು ಹೋಗಿ ಮೊಣಕಾಲಿನ ತನಕ ಹೂತು, ಯಂತ್ರವನ್ನು ಬಿಟ್ಟು ಬೂಟುಗಳನ್ನೂ ಬಿಟ್ಟು ಬದು ಹತ್ತಿದರು. ಮರುದಿನ ಬರಿಗಾಲಲ್ಲಿ ಬಂದು ಮತ್ತೆ ತಳ್ಳಿದರು. ಅಂಥ ಹಟ. ಆದರೆ ಮಳೆಯ ಮಾತು ಬಂದರೆ ಅವರ ಮುಖ ಬಿಗಿಯುತ್ತಿತ್ತು. "ಮಳೆ ನಮ್ಮ ಇಲಾಖೆ ಅಲ್ಲ ಕಣಯ್ಯಾ" ಎನ್ನುತ್ತಿದ್ದರು.

ಇನ್ನು ನನ್ನ ಅಕ್ಕನ ವಿಷಯ. ಇದನ್ನು ಬರೆಯಲೆಂದೇ ಕೂತಿದ್ದೇನೆ.

ನಮ್ಮ ತಂದೆ ಹಾಸನದ ಸೀಮೆಯಿಂದ ಬಂದು ಕುಶಾಲನಗರದ ಹತ್ತಿರ ತೋಡು ಎನ್ನುವ ಸಣ್ಣ ಹಳ್ಳದ ಪಕ್ಕ ಗದ್ದೆ ಮಾಡಿದವರು. ನಮ್ಮ ಊರಿನ ಹೆಚ್ಚಿನವರು ಹಾಗೆ ಬಂದವರೇ. ಅಕ್ಕ ನಂಜಮ್ಮನನ್ನು ಅಲ್ಲೇ ಪಕ್ಕದ ಊರಿಗೆ ಕೊಟ್ಟಿದ್ದರು. ಭಾವ ಚಳಿಜ್ವರದಲ್ಲಿ ಹೋದರು. ಅಕ್ಕ ತವರಿಗೆ ಬಂದಳು, ಅಪ್ಪ ತೀರಿಕೊಂಡ ಮೇಲೆ ಗದ್ದೆ ಅವಳ ಕೈಗೆ ಬಂತು. ನನ್ನನ್ನು ಸಾಕಿದ್ದೂ ಅವಳೇ. ಅವಳಿಗೆ ಎತ್ತುಗಳಿರಲಿಲ್ಲ. ಹೆಂಗಸು ನೇಗಿಲು ಹಿಡಿಯುವ ರೂಢಿಯೂ ನಮ್ಮಲ್ಲಿ ಇಲ್ಲ. ಹಾಗಿದ್ದೂ ಅವಳ ಗದ್ದೆ ಒಂದು ವರ್ಷವೂ ಬೀಳು ಬಿದ್ದಿರಲಿಲ್ಲ. ಅದಕ್ಕೆ ಕಾರಣ ಅವಳ ಗದ್ದೆಯ ಮೂಲೆ.

ಆ ಮೂಲೆಯ ವಿಷಯ ಹೀಗೆ. ನಮ್ಮ ಊರಲ್ಲಿ ಎಲ್ಲರೂ ಬೇಕಾದದ್ದಕ್ಕಿಂತ ಹೆಚ್ಚು ಬೀಜ ಹಾಕಿ ಸಸಿ ಬೆಳೆಸುತ್ತಿದ್ದರು. ನಾಟಿ ಮುಗಿದ ಮೇಲೆ ಮಿಕ್ಕ ಸಸಿಯನ್ನು ಎಸೆಯುತ್ತಿರಲಿಲ್ಲ. ಕಟ್ಟು ಕಟ್ಟಾಗಿಯೇ ಗದ್ದೆಯ ಮೂಲೆಯಲ್ಲಿ ಒತ್ತಾಗಿ ಊರಿ ಬಿಡುತ್ತಿದ್ದರು. ತೋಡು ಉಕ್ಕಿ ಯಾರ ನಾಟಿಯಾದರೂ ಕೊಚ್ಚಿ ಹೋದರೆ ಅವರು ಬಂದು ಆ ಸಸಿ ಕಿತ್ತುಕೊಂಡು ಹೋಗುತ್ತಿದ್ದರು. ಕೇಳಬೇಕಾಗಿರಲಿಲ್ಲ, ಕೇಳಿದವರಿಗೆ ಬೈಗುಳ ಬೀಳುತ್ತಿತ್ತು. ಎಲ್ಲರಿಗಿಂತ ದೊಡ್ಡ ಮೂಲೆ ಅಕ್ಕನದು. ಅವಳ ಸಸಿ ಒಯ್ದವರು ಮುಂದಿನ ಮುಂಗಾರಿಗೆ ಜೋಡೆತ್ತು ತಂದು ಅವಳ ಗದ್ದೆ ಉತ್ತು ಕೊಡುತ್ತಿದ್ದರು. ಹೀಗೆ ಎತ್ತಿಲ್ಲದ ವಿಧವೆ ಯಾರ ಮುಂದೆಯೂ ಕೈಯೊಡ್ಡದೆ ಬೇಸಾಯ ಮಾಡಿಕೊಂಡಿದ್ದಳು.

ಇದನ್ನು ಇಲಾಖೆ ಬೀಜದ ದುಂದು ಎನ್ನುತ್ತಿತ್ತು. ಇಡೀ ಊರನ್ನು ಹೊಸ ಪದ್ಧತಿಗೆ ತಂದು ತೋರಿಸಬೇಕು, ಮಂತ್ರಿಗಳು ನೋಡಲು ಬಂದರೂ ಬರಬಹುದು ಎಂದು ಸಾಹೇಬರು ಹೇಳಿದಾಗ ನಾನು ನನ್ನ ಊರನ್ನೇ ತೋರಿಸಿದೆ. ನನ್ನದು ಆಗ ಹಂಗಾಮಿ ಕೆಲಸ. ಕಾಯಂ ಆಗುವ ಆಸೆ.

ನಮ್ಮ ನೆರೆಯ ಸಣ್ಣಪ್ಪನ ಕಣದಲ್ಲಿ ಊರಿನವರನ್ನು ಸೇರಿಸಿದೆ. ಸಣ್ಣಪ್ಪ ಒಳ್ಳೆ ಎತ್ತು ಇಟ್ಟುಕೊಂಡಿದ್ದವನು, ವರ್ಷ ವರ್ಷ ಅಕ್ಕನಿಗೆ ಉತ್ತು ಕೊಡುತ್ತಿದ್ದವನು. ಅಕ್ಕನ ಬಿತ್ತನೆ ಭತ್ತದ ಬುಟ್ಟಿಯನ್ನು ಅವಳಿಂದಲೇ ಹೊರಿಸಿಕೊಂಡು ಬಂದಿದ್ದೆ. ಎಲ್ಲರ ಮುಂದೆ ಬುಟ್ಟಿ ಬಗ್ಗಿಸಿ, ಸ್ವಲ್ಪ ಒಂದು ಕಡೆ, ಉಳಿದದ್ದೆಲ್ಲ ಇನ್ನೊಂದು ಕಡೆ ರಾಶಿ ಮಾಡಿದೆ. ದೇಶದಲ್ಲಿ ಅನ್ನಕ್ಕೆ ಪರದಾಟವಿದ್ದ ಕಾಲ ಅದು.

"ಬೇಕಾದ್ದು ಇಷ್ಟು. ಇಷ್ಟು ಅನ್ನವನ್ನ ನಮ್ಮಕ್ಕ ವರ್ಷಾ ವರ್ಷಾ ಕೆಸರಿಗೆ ಹಾಕ್ತಾಳೆ" ಎಂದೆ. ಅವಳ ಕಡೆ ತಿರುಗಿ, "ಯಾಕಕ್ಕಾ?" ಎಂದು ಕೇಳಿದೆ.

"ಮಳೆ ಹೆಂಗ್ ಬತ್ತದೋ ಏನೋ ಕಣ್ಲಾ."

"ಹೆಂಗ್ ಬರುತ್ತೆ ಅಂತ ನಿಂಗೇನಾದ್ರೂ ಗೊತ್ತಾ?"

"ನಂಗೇನ್ಲಾ ಗೊತ್ತು? ಗೊತ್ತಿಲ್ಲ ಅಂತ್ಲೇ ಅಲ್ವಾ ಹೆಚ್ಚು ಹಾಕಾದು? ಗೊತ್ತಿದ್ದಿದ್ರೆ ಎಣಿಸ್ಕಂಡ್ ಹಾಕ್ತಿದ್ದೆ."

ಜನ ನಕ್ಕರು. ನಾನೂ ಅವಳು ತಮಾಷೆ ಮಾಡಿದಳೆಂದು ನಕ್ಕೆ. ಮನೆಗೆ ಹೋಗುವ ದಾರಿಯಲ್ಲಿ ಅವಳು ಬುಟ್ಟಿಯನ್ನು ಸೊಂಟಕ್ಕೆ ಬದಲಿಸಿಕೊಂಡು, "ಆಗ್ಲಿ ಬಿಡು, ನಿನ್ ನೌಕ್ರಿ ಗಟ್ಟಿ ಆಗಾದಾದ್ರೆ ಈ ಸಲ ಮೂಲೆ ಬ್ಯಾಡ" ಎಂದಳು. ಅವಳು ಒಪ್ಪಿದ್ದು ಪದ್ಧತಿಗಲ್ಲ, ನನಗೆ. ಉಳಿದವರು ಒಪ್ಪಿದ್ದು ಅವಳನ್ನು ನೋಡಿ. "ನಂಜಕ್ಕನೇ ಮೂಲೆ ಬಿಟ್ಳು ಅಂದ್ಮ್ಯಾಲೆ ನಮ್ದೇನು ಹೆಚ್ಚು?" ಎಂದು ಮರುದಿನ ಸಣ್ಣಪ್ಪನೂ ಒಪ್ಪಿದ.

ಆ ವರ್ಷ ಊರಲ್ಲಿ ಒಂದು ಕಟ್ಟು ಸಸಿಯೂ ಮಿಗಲಿಲ್ಲ. ಮೂಲೆ ಮೂಲೆಗೂ ಹಗ್ಗ ಎಳೆಸಿದೆ. ಮೇಲಿನ ದಿಬ್ಬದಿಂದ ನೋಡಿದರೆ ಬಾಚಿದ ತಲೆಯಂತೆ ಕಾಣುತ್ತಿತ್ತು. ಸಾಹೇಬರು ಸೈಕಲ್ ಮೇಲೆ ಬಂದು ನೋಡಿ ನನ್ನ ಬೆನ್ನು ತಟ್ಟಿದರು.

ಮುಂಗಾರು ಹೊತ್ತಿಗೆ ಸರಿಯಾಗಿ ಬಂದಿತ್ತು. ನಾಟಿ ಆದ ಮೇಲೆ ನಿಂತಿತು. ಗದ್ದೆ ಬಿರಿಯುವ ತನಕ ನಿಂತಿತು. ಅಕ್ಕ ತೋಡಿನಿಂದ ಕೊಡದಲ್ಲಿ ನೀರು ಹೊತ್ತು ಸಸಿಯ ಬುಡಕ್ಕೆ ಹಾಕಿದಳು. ಆಮೇಲೆ ಒಂದು ಮಧ್ಯಾಹ್ನ ಮೋಡ ಕಟ್ಟಿ ಸುರಿಯತೊಡಗಿದ್ದು, ಮರುದಿನವೂ ಬಿಡಲಿಲ್ಲ. ತೋಡು ಕೆಂಪಗೆ ಉಕ್ಕಿ, ಮೇಲೆ ಕಾಡು ಕಡಿದ ದಿಬ್ಬದ ಮಣ್ಣನ್ನೆಲ್ಲ ತಂದು ಗದ್ದೆಗಳ ಮೇಲೆ ಹಾಸಿತು. ನೀರು ಇಳಿದಾಗ ನನ್ನ ಸಾಲುಗಳಿದ್ದಲ್ಲಿ ನುಣ್ಣನೆಯ ಕೆಂಪು ಕೆಸರು.

ಜನ ಬುಟ್ಟಿ ಹಿಡಿದು ಅಕ್ಕನ ಗದ್ದೆಗೆ ಬಂದರು. ಬೇರೆ ವರ್ಷಗಳ ರೂಢಿ. ಕಾಲು ತಾನಾಗಿ ಆ ಕಡೆ ಬರುತ್ತಿತ್ತು. ಬಂದು ಮೂಲೆ ನೋಡಿ, ನನ್ನನ್ನು ನೋಡಿ, ಬುಟ್ಟಿ ಕೆಳಗಿಟ್ಟರು. ಸಣ್ಣಪ್ಪನ ಹೆಂಡತಿ, "ಮೇಸ್ತ್ರಪ್ಪಾ, ಆ ಹಗ್ಗ ಕೊಡು ಇತ್ಲಾಗೆ, ಅದನ್ನೇ ಬೇಯ್ಸ್ಕಂಡ್ ತಿಂತೀವಿ" ಎಂದಳು. ಸುತ್ತಲಿನ ಊರುಗಳಲ್ಲೂ ಸಸಿ ಹುಡುಕಿದರು. ಅಲ್ಲಿಯ ಮೂಲೆಗಳನ್ನು ಅಲ್ಲಿಯವರು ಆಗಲೇ ಕಿತ್ತುಕೊಂಡಿದ್ದರು. ಮತ್ತೆ ಬಿತ್ತಿ ಬೆಳೆಸುವ ಕಾಲ ಮೀರಿತ್ತು.

ಸಾಹೇಬರು ಬಂದರು. ಅಕ್ಕ ಸೀರೆ ಎತ್ತಿ ಕಟ್ಟಿ, ಕೆಸರಿನೊಳಗೆ ಬೆರಳಿಟ್ಟು, ಉಳಿದ ಸಸಿಯನ್ನು ಒಂದೊಂದಾಗಿ ಎತ್ತಿ ನಿಲ್ಲಿಸುತ್ತಿದ್ದಳು. ಊರಿನವರು ಬದುವಿನ ಮೇಲೆ ಸೇರಿದ್ದರು.

ಸಣ್ಣಪ್ಪ ಮೊದಲು ಮಾತೆತ್ತಿದ. "ಮಳೆ ಹಿಂಗ್ ಮಾಡ್ತು ಸ್ವಾಮಿ. ಸುಮಾರು ವರ್ಷದಿಂದ ಹಿಂಗೇ ಆಯ್ತಾ ಐತೆ."

"ರೈತ ಪ್ರತಿ ವರ್ಷ ಇದನ್ನೇ ಹೇಳ್ತಾನೆ. ಮಳೆ ಎಲ್ಲಾ ಕಡೆನೂ ಬಿದ್ದಿದೆ. ಬೇರೆ ಊರಲ್ಲಿ ಅಷ್ಟೋ ಇಷ್ಟೋ ಉಳೀತು, ಇಲ್ಲಿ ಮಾತ್ರ ಪೂರಾ ಯಾಕೆ ಹೋಯ್ತು?"

ಇದು ಸರಿಯಾದ ಪ್ರಶ್ನೆಯೇ ಆಗಿತ್ತು. ಬೇರೆ ಊರುಗಳಲ್ಲಿ ಮೂಲೆಯಲ್ಲಿ ಸಸಿ ಇತ್ತು, ಇಲ್ಲಿ ಇರಲಿಲ್ಲ. ಉತ್ತರ ನನಗೊಬ್ಬನಿಗೇ ಅಲ್ಲ, ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಆದರೆ ಸಾಹೇಬರು ಕೇಳಿದ್ದು ನನ್ನನ್ನು. "ಮೇಸ್ತ್ರಿ, ನೀನು ಹೇಳಿದಷ್ಟಾದ್ರೂ ಬೀಜ ಹಾಕಿದ್ರಾ ಇವರು? ಈ ಗದ್ದೆಯದು ಹೇಳು."

ಮೂಲೆ ಬಿಡಿಸಿದವನು ನಾನು ಎಂದರೆ ಕೆಲಸ ಹೋಗುತ್ತದೆ ಎನಿಸಿತು. ಪದ್ಧತಿ ತಪ್ಪು ಎಂದರೂ ಹೋಗುತ್ತದೆ. ನಾಲಿಗೆ ತಾನಾಗಿ ಹೊರಳಿತು ಎಂದು ಬರೆಯಬಹುದಿತ್ತು. ಹಾಗಲ್ಲ. ಯೋಚನೆ ಮಾಡಿಯೇ ಹೇಳಿದೆ.

"ಇಲ್ಲ ಸಾರ್. ಈಯಮ್ಮ ಬಿತ್ತನೆಗೆ ಇಟ್ಟ ಭತ್ತದಲ್ಲಿ ಮನೆಗೆ ಕುಟ್ಟಿಸ್ಕೊಂಡು ಉಂಡಿದಾರೆ. ಸಸಿ ತೆಳ್ಳಗಾಯ್ತು, ತಡೀಲಿಲ್ಲ."

ಈಯಮ್ಮ ಎಂದೆ. ಅಕ್ಕ ಎನ್ನಲಿಲ್ಲ. ಇವಳು ನನ್ನ ಒಡಹುಟ್ಟು ಎಂದು ಸಾಹೇಬರಿಗೆ ಯಾವತ್ತೂ ಹೇಳಿರಲಿಲ್ಲ. ನಾಲ್ಕನೇ ಕ್ಲಾಸಿನ ಮೇಸ್ತ್ರಿಯಾದರೂ ನೌಕರ, ಕೆಸರಿನಲ್ಲಿ ನಿಂತ ಹೆಂಗಸು ಅಕ್ಕನೆಂದು ಹೇಳಲು ನಾಚಿಕೆ.

ಬೇಸಾಯದ ಮನೆಯಲ್ಲಿ ಬಿತ್ತನೆ ಭತ್ತ ಕುಟ್ಟಿ ಉಂಡವಳು ಎನ್ನುವುದಕ್ಕಿಂತ ದೊಡ್ಡ ಬೈಗುಳ ಇಲ್ಲ. ಹಸಿದು ಮಲಗಿದ ದಿನಗಳಲ್ಲೂ ಅಕ್ಕ ಆ ಬುಟ್ಟಿಯ ಮುಚ್ಚಳ ತೆಗೆದವಳಲ್ಲ. ಹಸಿದವರಲ್ಲಿ ನಾನೂ ಒಬ್ಬ, ಅತ್ತರೂ ಕೊಡಲಿಲ್ಲ.

"ಯಾರು ಉಂಡಿದ್ದು? ಏನಂತೀಯ ನೀನು?" ಎಂದು ಸಣ್ಣಪ್ಪ ನನ್ನ ಮೇಲೆ ಬಂದ. ಸಾಹೇಬರು ಕೈ ಅಡ್ಡ ಹಿಡಿದರು. ಅವರ ಮುಖದಲ್ಲಿ ಒಂದು ನೆಮ್ಮದಿ. ಕಾರಣ ಸಿಕ್ಕಿತ್ತು. "ನೋಡಿದ್ರಾ? ಬೀಜ ತಿಂದು ಮಳೆ ಮೇಲೆ ಹಾಕೋದು" ಎಂದರು. ಅಕ್ಕ ತಲೆ ಎತ್ತಿ ನನ್ನನ್ನು ಒಮ್ಮೆ ನೋಡಿದಳು. ಮತ್ತೆ ಬಗ್ಗಿ ಮುಂದಿನ ಸಸಿಗೆ ಕೈ ಹಾಕಿದಳು.

ಮುಂದಿನ ಮುಂಗಾರಿಗೆ ಅವಳ ಗದ್ದೆ ಬೀಳು ಬಿತ್ತು. ಅವಳು ಕುಟ್ಟ ಎಂಬ ಊರಿನ ಕಡೆಯ ಒಂದು ಎಸ್ಟೇಟಿಗೆ ಕಾಫಿ ಪಿಕ್ಕಿಂಗಿಗೆ ಹೋಗಿ ಅಲ್ಲಿಯ ಕೂಲಿ ಲೈನಿನ ಮನೆಯಲ್ಲಿ ಇದ್ದುಬಿಟ್ಟಳು. ಊರಿಂದ ಅಷ್ಟು ದೂರಕ್ಕೆ, ಕೊಡಗಿನ ಆ ತುದಿಗೆ. ಊರಿನವರು ನನ್ನ ಸುಳ್ಳು ನಂಬಿ ಅವಳನ್ನು ದೂರ ಮಾಡಿದರು ಎಂದುಕೊಂಡೆ. ಅದು ನನ್ನನ್ನು ತಿನ್ನುತ್ತಿತ್ತು. ನನ್ನ ಕೆಲಸ ಕಾಯಂ ಆಗಿತ್ತು. ಈಗ ಹೇಳಿದರೆ ನಷ್ಟವಿಲ್ಲ ಎಂದು ಖಾತ್ರಿಯಾದ ಮೇಲೆ ಸಣ್ಣಪ್ಪನ ಕಣಕ್ಕೆ ಹೋದೆ. ಧೈರ್ಯ ಅಂದರೆ ನನ್ನಲ್ಲಿದ್ದದ್ದು ಅಷ್ಟೇ.

"ಅಕ್ಕ ಬೀಜ ಉಣ್ಲಿಲ್ಲ ಸಣ್ಣಪ್ಪಣ್ಣ. ನಾನು ಸುಳ್ಳು ಹೇಳ್ದೆ."

ಅವನು ಹುಲ್ಲಿನ ಹೊರೆ ಇಳಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಅದನ್ನ ಹೇಳಾಕೆ ಬಂದ್ಯಾ? ಊರಿಗೇ ಗೊತ್ತಿತ್ತಲ್ಲೋ. ನಂಜಕ್ಕ ಬೀಜ ಕುಟ್ತಾಳಾ?"

"ಮತ್ತೆ ಏರು ಯಾಕೆ ಕಟ್ಲಿಲ್ಲ ಅವಳಿಗೆ?"

"ಕಟ್ಕಂಡೇ ಹೋದ್ವಪ್ಪಾ. ಎತ್ತು ಬದು ಮ್ಯಾಲೆ ನಿಂತಿದ್ವು. ಅವ್ಳೇ ವಾಪಸ್ ಕಳಿಸ್ದಳು. ಹೋದ ವರ್ಷ ನನ್ ಮೂಲೇಲಿ ಸಸಿ ಇರ್ಲಿಲ್ಲ, ನಿಮ್ ಏರು ಯಾವ್ ಲೆಕ್ಕದಲ್ಲಿ ಇಸ್ಕಳ್ಲಿ ಅಂದ್ಳು. ಹೇಳಿ ನೋಡಿದ್ವಿ. ನಿಮ್ಮಕ್ಕ ಅಲ್ವಾ, ಜಪ್ಪಯ್ಯ ಅನ್ಲಿಲ್ಲ."

ಅಂದರೆ ಅವಳನ್ನು ಊರು ಬಿಡಿಸಿದ್ದು ನನ್ನ ಸುಳ್ಳಲ್ಲ, ನನ್ನ ಹಗ್ಗ. ಸುಳ್ಳನ್ನು ನಂಬಿದವರು ಸಾಹೇಬರೊಬ್ಬರೇ. ಇದರಿಂದ ಸ್ವಲ್ಪ ಹಗುರಾಯಿತೆಂದು ತಿಳಿದು ಕುಟ್ಟಕ್ಕೆ ಹೋದೆ. ಭಾನುವಾರ, ಅಕ್ಕ ಲೈನಿನ ಮುಂದೆ ಕೂತು ಸೊಪ್ಪು ಸೋಸುತ್ತಿದ್ದಳು. ಕೈ ಬೆರಳುಗಳು ಕಾಫಿಯ ಕರೆ ಹತ್ತಿ ಕಪ್ಪಾಗಿದ್ದವು.

"ಊರಲ್ಲಿ ನಿಜ ಹೇಳ್ಬಿಟ್ಟೆ ಅಕ್ಕಾ."

"ಊರಿಗ್ಯಾಕ್ ಹೇಳ್ದೆ? ಅವ್ರಿಗೆ ಗೊತ್ತಿತ್ತಲ್ಲ." ಸೊಪ್ಪಿನ ದಂಟು ಮುರಿದು ಹಾಕಿದಳು. "ಆ ಸಾಹೇಬ್ರಿಗೆ ಹೇಳ್ದಾ?"

"ಅವರಿಗೆ ವರ್ಗ ಆಯ್ತು."

"ಹಂಗಾರೆ ಇನ್ನೊಂದೂರಲ್ಲಿ ಅದನ್ನೇ ಹೇಳ್ತಾ ಅವ್ರೆ. ಅಲ್ಲೂ ಯಾರೋ ಒಬ್ಳು ಇರ್ತಾಳೆ ಕಣ್ಲಾ, ಮಳೆ ಸರಿ ಇಲ್ಲ ಅಂತ ಹೇಳಾಳು."

ಊಟಕ್ಕಿಟ್ಟಳು. ಸಾಹೇಬರಿಗೆ ಬರೆಯುತ್ತೇನೆ ಎಂದು ಮಾತು ಕೊಟ್ಟೆ. ಬರೆಯಲಿಲ್ಲ.

ಕೊಡಗು ರಾಜ್ಯ ಮುಗಿಯುತ್ತಿದ್ದ ವರ್ಷ ನಮ್ಮನ್ನೆಲ್ಲ ಪೊನ್ನಂಪೇಟೆಯಲ್ಲಿ ಒಂದು ತರಬೇತಿಗೆ ಕರೆದರು. ಒಂದು ಶಾಲೆಯ ಕೋಣೆ, ಮಕ್ಕಳ ಬೆಂಚು, ನಾವು ಮೊಣಕಾಲು ಮಡಿಸಿ ಕೂತಿದ್ದೆವು. ಪಾಠ ಹೇಳಿದವರು ನಾನು ಎಂದೂ ಕಾಣದ ಅಧಿಕಾರಿ. ಚುರುಕಾಗಿ ಮಾತಾಡುತ್ತಿದ್ದರು. ಹೊಸ ಪದ್ಧತಿ ಎಲ್ಲಿ ಸೋಲುತ್ತದೆ, ಯಾಕೆ ಸೋಲುತ್ತದೆ ಎಂಬಲ್ಲಿಗೆ ಬಂದು ಒಂದು ಕಥೆ ಹೇಳಿದರು.

"ಕುಶಾಲನಗರದ ಕಡೆ ಒಂದು ಊರು. ಇಲಾಖೆ ಎಲ್ಲಾ ಸರಿಯಾಗಿ ಮಾಡಿಕೊಟ್ಟಿದೆ. ಒಬ್ಬ ಹೆಂಗಸು ಬಿತ್ತನೆ ಭತ್ತಾನ ಕುಟ್ಟಿ ಅನ್ನ ಮಾಡ್ಕೊಂಡು ಉಂಡ್ಳಂತೆ. ಬೆಳೆ ಹೋದ ಮೇಲೆ ಕೇಳಿದ್ರೆ ಏನಂದ್ಳು ಗೊತ್ತಾ? ಮಳೆ ಬದಲಾಗಿದೆ ಸ್ವಾಮಿ ಅಂದ್ಳಂತೆ."

ಕೋಣೆಯೆಲ್ಲ ನಗು. ಅಕ್ಕ ಆ ದಿನ ಒಂದು ಮಾತೂ ಆಡಿರಲಿಲ್ಲ. ಆಡದ ಮಾತನ್ನೂ ಅವಳ ಬಾಯಿಗೆ ಹಾಕಿದ್ದರು. ನಾನು ಬೆಂಚು ಸರಿಸಿ ಎದ್ದೆ.

"ಸಾರ್, ಅವಳು ನನ್ನ ಅಕ್ಕ. ಬೀಜ ಉಣ್ಲಿಲ್ಲ. ಆ ಸುಳ್ಳು ಹೇಳಿದ ಮೇಸ್ತ್ರಿ ನಾನೇ."

ನಗು ನಿಂತಿತು. ಅಧಿಕಾರಿ ಕೈಯ ಸೀಮೆಸುಣ್ಣ ಕೆಳಗಿಟ್ಟು, "ಕೂತ್ಕೊಳ್ರೀ, ಅದು ಉದಾಹರಣೆಗೆ ಹೇಳಿದ್ದು" ಎಂದರು. ನಾನು ಕೂರಲಿಲ್ಲ. ಅವರಿಗೂ ಕುತೂಹಲ ಹುಟ್ಟಿರಬೇಕು. "ಸರಿ. ಬೀಜ ತಿನ್ಲಿಲ್ಲ ಅಂತಾದ್ರೆ ಬೆಳೆ ಯಾಕ್ರೀ ಹೋಯ್ತು?" ಎಂದು ಕೇಳಿದರು.

ಮೂಲೆಯ ವಿಷಯ, ಮಿಕ್ಕ ಸಸಿಯ ವಿಷಯ, ಎಲ್ಲವನ್ನೂ ಹೇಳಬೇಕೆಂದು ಬಾಯಿ ತೆರೆದೆ. ಮೊದಲಿಂದ ಹೇಳಬೇಕಲ್ಲ, ಮೊದಲ ಮಾತಾಗಿ, "ಮಳೆ ಬದಲಾಗಿದೆ ಸಾರ್" ಎಂದೆ.

ಕೋಣೆ ಮೊದಲಿಗಿಂತ ಜೋರಾಗಿ ನಕ್ಕಿತು. ಬೆಂಚು ಗುದ್ದಿ ನಕ್ಕರು. ಮುಂದಿನ ಮಾತು ಯಾರಿಗೂ ಕೇಳಿಸಲಿಲ್ಲ. ನಗುತ್ತಿದ್ದವರೆಲ್ಲ ಗದ್ದೆ ಇದ್ದ ಮನೆಯವರು. ಆ ವರ್ಷ ಅವರ ಮನೆಗಳಲ್ಲೂ ನಾಟಿ ತಡವಾಗಿತ್ತು.